ಪಕ್ಕದ ಮುಕ್ಕಾಲಿ

ಬೊಳ್ಳಮ್ಮಜ್ಜಿ ಚೀಲದಿಂದ ತೆಗೆದದ್ದು
ಹಳೇ ಪೇಪರಿನಲ್ಲಿ ಸುತ್ತಿದ ಗಾಜು.
"ನಮ್ಮ ತಾತನ ನರಿಮಂಗಲ. ನಾಲ್ಕು ಪ್ರಿಂಟು.
ಒಡೆದರೆ ನಿನ್ನ ಬಿಡುವುದಿಲ್ಲ, ಪ್ಲಾವಿಯಾ."
ಅವರ ಮಾತಿನಲ್ಲಿ ನರಿಯೆಂದರೆ ಹುಲಿ.

ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಪಪ್ಪ ಬಿಟ್ಟುಹೋದ ಸ್ಟುಡಿಯೊ.
ಊರಿನ ಮುಖಗಳನ್ನು ಪಾಸ್‌ಪೋರ್ಟ್ ಸೈಜಿಗೆ
ಇಪ್ಪತ್ತಾರು ವರ್ಷದಿಂದ ಕತ್ತರಿಸುತ್ತಿದ್ದೇನೆ.
ಗದ್ದ ಸ್ವಲ್ಪ ಕೆಳಗೆ. ಹಾಂ. ನಗಬೇಡಿ.

ಕಿಟಕಿಗೆ ಹಿಡಿದೆ. ಎಲ್ಲ ತಿರುವುಮುರುವು:
ವರನ ಬಿಳಿ ಕುಪ್ಯ ಇದ್ದಿಲು, ಮೀಸೆ ಹಾಲು,
ಪಕ್ಕದಲ್ಲಿ ಬಿದಿರಿಗೆ ತೂಗಿದ ಹುಲಿಯ ಮೈಮೇಲೆ
ಪಟ್ಟೆಗಳೆಲ್ಲ ಬೆಳಕು.
ಕೊಂದವನಿಗೆ ಸತ್ತದ್ದರ ಜೊತೆ ಮದುವೆ.
ನಂಟರು ಸಾಲಾಗಿ ಬಂದು
ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ
ಕಿಂಡಿಯಿಂದ ಹಾಲು ಕೊಟ್ಟು, ಕೈಗೆ ನಾಣ್ಯವಿಟ್ಟು
ಉಣ್ಣಲು ಹೋಗುತ್ತಾರೆ.

ನನಗೊಂದು ಚಟ. ಯಾವ ಗುಂಪಿನ ಫೋಟೊ ಬಂದರೂ
ಒಳಗೆ ನುಗ್ಗಿ ಒಬ್ಬೊಬ್ಬರ ಜಾಗದಲ್ಲಿ ನಿಂತು ನೋಡುವುದು.
ಹೆಚ್ಚಾಗಿ ಹಾಲಿನ ಕಿಂಡಿ ಹಿಡಿದವಳೇ ನಾನು,
ಎಲ್ಲರಿಗೂ ಸಾಕಾದೀತೆ ಎಂದು ಲೆಕ್ಕ ಹಾಕುವವಳು.
ಇಲ್ಲವೇ ಅಂಚಿನಲ್ಲಿ ಅಲುಗಿ ಮಸುಕಾದ ದುಡಿಯವನು.
ಅವತ್ತು ಯಾಕೋ ಕಾಲು
ನೇರ ಹುಲಿಯ ಹತ್ತಿರ ಹೋಯಿತು.

ಹದಿನಾರರಲ್ಲಿ ಪಪ್ಪನ ಮೇಲೆ ಎತ್ತಿದ ಕೈ
ಗಾಳಿಯಲ್ಲೇ ನಿಂತಿತ್ತು.
ಆ ರಾತ್ರಿಯೇ ಅದನ್ನು ಹೊಡೆದು ಹಾಕಿದೆ. ಒಂದೇ ಗುಂಡು.
ಆಮೇಲೆ ಊರು ಹೇಳಿತು: ಪ್ಲಾವಿಯಾ ಬೆಣ್ಣೆ.
ಕುಶಾಲನಗರದ ಸೈಟು ತಮ್ಮ ಬರೆಸಿಕೊಂಡಾಗ
ಪೆನ್ನು ಕೊಟ್ಟವಳು ನಾನೇ.
ಮೊನ್ನೆ ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು
ಸವೆದ ದವಡೆ ಹಲ್ಲು:
"ನಿದ್ದೆಯಲ್ಲಿ ಕಡಿಯುತ್ತೀರಿ."
ನಾನಾ? ಎಂದಿದ್ದೆ.

"ತಾತ ಆಮೇಲೆ ಹೇಗಿದ್ದರು?"
ಅಜ್ಜಿ ಕುರ್ಚಿಯಲ್ಲಿ ಸರಿದು ಕೂತರು.
"ಹೇಗಿರುವುದು? ಮದುವೆಯಾದವರು ಇರುವ ಹಾಗೆ.
ಉಣ್ಣಲು ಕೂತರೆ ಪಕ್ಕದ ಮುಕ್ಕಾಲಿ ಖಾಲಿ ಬಿಡುತ್ತಿದ್ದರು.
ಯಾರಾದರೂ ಕೂರಲು ಹೋದರೆ ಗಂಟಲಲ್ಲಿ ಒಂದು ಸದ್ದು, ಅಷ್ಟೆ.
ಮಕ್ಕಳು ನಾವು ಹೆದರುತ್ತಿರಲಿಲ್ಲ.
ಹೆಂಡತಿ ಸತ್ತಾಗ ಅತ್ತರು. ಕೋವಿಯನ್ನು ಮತ್ತೆ
ಕೈಲ್‌ಪೋದಿನ ಪೂಜೆಗಲ್ಲದೆ ಇಳಿಸಲಿಲ್ಲ."

ಕೆಂಪು ದೀಪದ ಕೆಳಗೆ, ತಟ್ಟೆಯ ದ್ರಾವಣದಲ್ಲಿ
ಮೊದಲು ಮೂಡಿದ್ದು ಪಟ್ಟೆಗಳು.
ಒಂದು, ಇನ್ನೊಂದು, ಆಮೇಲೆ ಒಟ್ಟಿಗೇ ಎಲ್ಲ.
ವರ ತುಂಬ ಹೊತ್ತು ಬರೀ ಕಾಗದ.
ಹುಲಿ ಬಂದು ಕೂತ ಮೇಲೆಯೇ
ಅವನಿಗೊಂದು ಅಂಚು, ಒಂದು ಭುಜ.

ಅಜ್ಜಿ ದುಡ್ಡು ಎಣಿಸಿ ಕೊಟ್ಟರು.
ಬೇರೆಯಾಗಿ ಒಂದು ರೂಪಾಯಿಯ ನಾಣ್ಯ,
ಅಂಗೈಗೆ ಒತ್ತಿ.
ಯಾಕೆಂದು ನಾನು ಕೇಳಲಿಲ್ಲ.

ಮಾರನೆ ದಿನ ತಮ್ಮನ ಫೋನು:
"ಅಕ್ಕಾ, ಇನ್ನೊಂದೇ ಒಂದು ಸಹಿ..."
ಪಕ್ಕದ ಸ್ಟೂಲಿನ ಮೇಲೆ ಆಲ್ಬಮ್ಮುಗಳ ರಾಶಿ.
ಒಂದೊಂದಾಗಿ ನೆಲಕ್ಕಿಟ್ಟೆ. ಧೂಳು ಒರೆಸಿದೆ.
ಅವನು ಹಲೋ, ಹಲೋ ಅನ್ನುತ್ತಿದ್ದ.

"ಹೇಳು," ಎಂದೆ.
"ನಾವು ಕೇಳುತ್ತಿದ್ದೇವೆ."