ಮೊದಲನೆಯ ಮೆಟ್ಟು

ಎಮ್ಡೆನ್ ದಾಟಿದ ಮೇಲೆ ಬಸ್ಸಿನಲ್ಲಿ ನಾನೊಬ್ಬಳೇ,
ಪಕ್ಕದ ಸೀಟಿನಲ್ಲಿ ಲ್ಯೂಟ್, ಅದಕ್ಕೂ ಒಂದು ಟಿಕೆಟ್ಟು.
ಹೊರಗೆ ಸಮುದ್ರಕ್ಕಿಂತ ತಗ್ಗಿನ ಹೊಲ, ಕುರಿ, ಮಂಜು.

ಚರ್ಚಿನಲ್ಲಿ ಹಾರ್ಮ್ಕೆ ಕಾದಿದ್ದಳು,
ಎಪ್ಪತ್ತೊಂದರ ಮುದುಕಿ, ಬೆರಳಿಲ್ಲದ ಗವಸು.
ಅವಳ ಆರ್ಗನ್ನು ನಾನೂರು ವರ್ಷ ಹಳೆಯದು,
ಯಾರ ಮಾತೂ ಕೇಳುವುದಿಲ್ಲ.
ಒಂದು ಸ್ವರ ಒತ್ತಿ ಹಿಡಿದಳು. ನಾನು ಮೀಟಿದೆ.
ಬರಿ ತಂತಿ ಕೂಡಿತು; ಬೆರಳಿಟ್ಟಲ್ಲೆಲ್ಲ ಮುನಿಸು.

"ನಿನ್ನದು ಕಲಕಿದ ಚಹಾ," ಅಂದಳು,
"ಎಲ್ಲ ಗುಟುಕೂ ಒಂದೇ ಸಿಹಿ."

ಅವಳಲ್ಲಿ ಗಾಂಧಾರಗಳು ಅಲುಗದೆ ನಿಲ್ಲುತ್ತವೆ
ತಳ ಕಾಣುವ ನೀರಿನ ಹಾಗೆ.
ಅದಕ್ಕೆ ತೆತ್ತದ್ದು ಒಂದು ತೋಳ,
ಮೂಲೆಯಲ್ಲಿ ಊಳಿಡುವ ಒಂದು ಪಂಚಮ.
ಹಳ್ಳಕ್ಕೆ ಬಿದ್ದ ತೋಳ; ನಾಲ್ಕು ಶತಮಾನದಿಂದ
ಬಂದುಹೋದವರದು ಆಳಿಗೊಂದು ಕಲ್ಲು.
ಯಾರೂ ಆ ಕಡೆ ಹಾಡು ಒಯ್ಯುವುದಿಲ್ಲ.

ಕರುಳಿನ ಗಂಟು ಸಡಿಲಿಸಿದೆ.
ಕುರಿಯದಾದರೂ ಕರುಳು ಕರುಳೇ,
ಪುಸಲಾಯಿಸಿದರೆ ಬರುತ್ತದೆ, ಬೈದರೆ ಇಲ್ಲ.
ನಾಲ್ಕನೆಯ ಮೆಟ್ಟು ತಲೆಯ ಕಡೆ ಜರುಗಿತು,
ಮೂರನೆಯದು ಹೊಟ್ಟೆಯ ಕಡೆ;
ಸರಿದಲ್ಲಿ ಉಂಗುರ ಕಳಚಿದ ಬೆರಳಿನ ಬೆಳ್ಳನೆ ಗೆರೆ.
ಮೊದಲನೆಯದು ಮಾತ್ರ ಹಟ ಹಿಡಿಯಿತು:
ಎಫ್ ತಂತಿಗೆ ಅದು ಇತ್ತ ಬೇಕು, ಪಕ್ಕದ ಎ ತಂತಿಗೆ ಅತ್ತ,
ಒಂದೇ ಒಲೆ, ಇಬ್ಬರು ವಾರಗಿತ್ತಿಯರು.
ಓರೆಯಾಗಿ ಕಟ್ಟಿದೆ. ಇಬ್ಬರೂ ಮುನಿದರು.

ಹಾರ್ಮ್ಕೆ ಬೆಂಚಿನಿಂದ ಇಳಿದು ಬಂದಳು.
ಮೇಣದಬತ್ತಿಯ ಪಕ್ಕದಿಂದ ಒಂದು ಬೆಂಕಿಕಡ್ಡಿ,
ಸೀಳಿ, ಅಕ್ಕಿಕಾಳಿನುದ್ದ ಕತ್ತರಿಸಿ, ಅಂಟು ಹಚ್ಚಿ,
ಮೆಟ್ಟಿನ ಮುಂದೆ ಕೂರಿಸಿದಳು,
ಎ ತಂತಿಯಡಿ ಒಂದು, ಡಿ ತಂತಿಯಡಿ ಒಂದು.
"ಮೊದಲು ಯಾರ ಲ್ಯೂಟಿಗೆ ಮಾಡಿದ್ದೆ?"
"ಕುರ್ಚಿಗೆ. ಕುಂಟುತ್ತಿತ್ತು."

ಗಂಟಿನ ತುದಿ ಸುಟ್ಟೆ. ಚರ್ಚಿನ ತುಂಬ
ಕೂದಲು ಸುಟ್ಟ ವಾಸನೆ.

ಆಮೇಲೆ ಅವಳು ಫ್ಲಾಸ್ಕು ತೆರೆದಳು.
ಲೋಟದ ತಳದಲ್ಲಿ ಕಲ್ಲುಸಕ್ಕರೆ
ಬಿಸಿ ಬಿದ್ದೊಡನೆ ಚಿಟಿಲ್ಲೆಂದಿತು. ಅಂಚಿನಿಂದ ಕೆನೆ ಇಳಿಸಿದಳು.
ಚಮಚ ಕೊಡಲಿಲ್ಲ.
ಮೊದಲು ಕೆನೆ, ಆಮೇಲೆ ಕಹಿ.
ತಳದ ಸಿಹಿ ಬರುವಷ್ಟರಲ್ಲಿ ಜನ ಒಳಗೆ ಬರತೊಡಗಿದ್ದರು
ಬೂಟಿನ ಕೆಸರು ಕೊಡವುತ್ತ.

ಗುರುವಾರ ಬ್ರೆಮೆನ್‌ನಲ್ಲಿ, ಪಿಯಾನೋದ ಜೊತೆ ಕಾರ್ಯಕ್ರಮ.
ಮೆಟ್ಟುಗಳನ್ನು ಹಳೆಯ ಗೆರೆಗೆ ತಂದೆ,
ಕಡ್ಡಿಗಳನ್ನು ಉಗುರಿನಿಂದ ಎಬ್ಬಿಸಿದೆ.
ಒಂದು ಬಂತು.
ಡಿ ತಂತಿಯದು ಇನ್ನೂ ಅಲ್ಲೇ ಇದೆ.
ಆ ಸ್ವರ ಬಂದಾಗಲೆಲ್ಲ ರೈನೋಲ್ಟ್
ಪಿಯಾನೋದಿಂದ ಒಮ್ಮೆ ತಲೆ ಎತ್ತುತ್ತಾನೆ.