ಮೀನಖಂಡ

ರಾತ್ರಿಯಿಡೀ ನೋವಿಲ್ಲ. ಬೆಳಗಿನ ಐದೂಮುಕ್ಕಾಲಿಗೆ
ಮಂಚದಿಂದ ಕಾಲಿಳಿಸಿದರೆ
ಬಲಗಾಲ ಹಿಮ್ಮಡಿಯೊಳಗೆ ಯಾರೋ
ಸೀಸೆ ಒಡೆದು ಗುಡಿಸದೆ ಹೋಗಿದ್ದಾರೆ.
ಗೋಡೆ ಹಿಡಿದು, ಕುರ್ಚಿ ಹಿಡಿದು, ಒಲೆಯವರೆಗೆ
ಹನ್ನೆರಡು ಹೆಜ್ಜೆ. ಆಮೇಲೆ ಸ್ವಲ್ಪ ಕರಗುತ್ತದೆ,
ಕೆಟ್ಟ ಮಾತಾಡಿ ಮರೆತವರ ಹಾಗೆ.

ವಾಲ್ಪರೈಸೊದಲ್ಲಿ ಅಂಚೆ ಹಂಚುವವಳಿಗೆ
ಸಮತಟ್ಟು ಅಂದರೆ ಸಮುದ್ರವೊಂದೇ.
ಇಪ್ಪತ್ತಾರು ವರ್ಷ ಈ ಮಾರಿಪೋಸಾಸ್ ಗುಡ್ಡ.
ಹೆಸರಿಗೆ ಚಿಟ್ಟೆಗಳದ್ದು,
ಹತ್ತಬೇಕಾದ್ದು ಕಾಲಲ್ಲೇ.
ಚೀಲದಲ್ಲಿ ನೀರಿನ ಬಿಲ್ಲು, ಬ್ಯಾಂಕಿನ ನೋಟೀಸು,
ವರ್ಷಕ್ಕೊಂದೋ ಎರಡೋ ಕೈಬರಹದ ಕಾಗದ.

ಎದುರುಮನೆ ಎದುವಿನಾ ಹೇಳಿದಳು: ಉಪ್ಪುನೀರು.
ಅವಳ ಭಾವ: ಬಿಸಿ ಇಟ್ಟಿಗೆ.
ವಿಂಗಡಣೆ ಮೇಜಿನ ಎಲಿಯೋದೊರೊ: ರಜೆ ಹಾಕು.
ಹಾಕಿದ ರಜೆಗೆ ಸಂಬಳ ಕೊಡುವವನು ಅವನಲ್ಲ.

ಎಕ್ಸ್‌ರೇಯಲ್ಲಿ ಎಲುಬಿಗೊಂದು ಪುಟ್ಟ ಕೊಕ್ಕು.
ಕಳ್ಳ ಸಿಕ್ಕ ಎಂದುಕೊಂಡೆ.
ಚಿಕಿತ್ಸಾಲಯದ ಫ್ರೆಸಿಯಾ ಕತ್ರಿಲೆಯೊ ತಲೆಯಾಡಿಸಿದಳು:
"ನೋವೇ ಇಲ್ಲದವರಲ್ಲೂ ಇದು ಇರುತ್ತೆ, ದೋನ್ಯಾ ನೊಲ್ಫಾ. ಬಿಟ್ಟುಬಿಡಿ."
ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ
ಅಂಗಾಲಲ್ಲಿ ತಂತಿಯಂತೆ ಎದ್ದ ಪಟ್ಟಿಯ ಗುಂಟ ಸರಿದು
ಹಿಮ್ಮಡಿಯ ಹತ್ತಿರ ಒತ್ತಿದಳು: "ಸವೆದದ್ದು ಇಲ್ಲಿ."
ಕೂಗಿದೆ.
ಆಮೇಲೆ ಅವಳ ಕೈ ಮೇಲಕ್ಕೆ ಹೋಯಿತು, ಮೀನಖಂಡಕ್ಕೆ.
ಗಾಳಕ್ಕೆ ಬಿದ್ದು ಸೆಟೆದ ಮೀನೇ ಅದು,
ದಾರದ ಇನ್ನೊಂದು ತುದಿ ಹಿಮ್ಮಡಿಯಲ್ಲಿ.

"ಮನೆ ಹತ್ತಿರ ಮೆಟ್ಟಿಲಿದೆಯಾ?" ಕೇಳಿದಳು.
ನಗು ಬಂತು.
ನೂರ ಅರವತ್ತೆರಡು ಇವೆ.

ಈಗ ದಿನ ಬಿಟ್ಟು ದಿನ, ಚೀಲ ಹೊರುವ ಮುನ್ನ,
ಕೆಳಗಿನ ಮೆಟ್ಟಿಲಿನ ಅಂಚಿಗೆ
ಬೆರಳಡಿ ಸುತ್ತಿದ ಟವೆಲ್ಲಿಟ್ಟು ನಿಲ್ಲುತ್ತೇನೆ,
ಹಿಮ್ಮಡಿ ಗಾಳಿಯಲ್ಲಿ.
ಮೂರೆಣಿಸುತ್ತ ಏರು, ತುದಿಯಲ್ಲಿ ಎರಡು, ಮೂರೆಣಿಸುತ್ತ ಇಳಿ.
ಶಾಲೆಯ ಹುಡುಗರು ಹಿಂದೆ ನಿಂತು ಅಣಕಿಸುತ್ತಾರೆ,
ಅವರಿಗೂ ಆಯಿತು ವ್ಯಾಯಾಮ.
ಸಂಜೆ ಹೆಪ್ಪುಗಟ್ಟಿದ ನೀರಿನ ಬಾಟಲಿ
ಅಂಗಾಲಡಿ ಉರುಳುತ್ತದೆ, ಬೆಕ್ಕು ಅದನ್ನೇ ನೋಡುತ್ತದೆ.
ಮನೆಯೊಳಗೂ ಮೆತ್ತನೆ ಚಪ್ಪಲಿ,
ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು.

"ಎಷ್ಟು ದಿನ?" ಕೇಳಿದ್ದೆ.
"ದಿನದ ಲೆಕ್ಕ ಬಿಡಿ, ತಿಂಗಳು ಹೇಳಿ."

ನಾಲ್ಕಾಯಿತು. ವಾಸಿಯಾಯಿತು ಎನ್ನಲಾರೆ.
ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುತ್ತಾರಂತೆ,
ಮೆಟ್ಟಿಲನ್ನು ಮೆಟ್ಟಿಲಿನಿಂದ ತೆಗೆಯುವುದು ಇನ್ನೂ ನಿಧಾನ.
ಮೊನ್ನೆ ಜಾಸ್ತಿ ತಿರುಗಿ ಮತ್ತೆ ಕೆರಳಿತ್ತು.
ನಿನ್ನೆ ಬೆಳಗ್ಗೆ ಮಾತ್ರ
ಕೆಟಲ್ಲಿಗೆ ನೀರು ತುಂಬಿ, ಕಡ್ಡಿ ಗೀರಿ, ಒಲೆ ಹತ್ತಿಸಿ,
ಬೆಂಕಿ ನೀಲಿಯಾದ ಮೇಲೆ ನೆನಪಾಯಿತು:
ಹೆಜ್ಜೆ ಎಣಿಸಿರಲಿಲ್ಲ.