ಅರ್ಧ ಮಾತ್ರೆ

ತುರ್ಕುವಿನಲ್ಲಿ ಮೇ ತಿಂಗಳು. ಬರ್ಚ್ ಮರಗಳು
ಔರಾ ನದಿಯ ಮೇಲೆಲ್ಲ ಹಳದಿ ಹುಡಿ ಚೆಲ್ಲಿವೆ.
ಸೀನಿ ಸೀನಿ ಮೂಗು ಕೆಂಪಾದ ಔಲಿಕ್ಕಿ
ಅರ್ಧ ಮಾತ್ರೆ ನುಂಗಿ, ಕೈಗವಸು ಏರಿಸಿ
ಹದಿನೇಳನೇ ಇಲಿಯನ್ನು ಕೊಳವೆಗೆ ಇಳಿಸುತ್ತಾಳೆ.

ಅಲ್ಲಾಡಲಾಗದು, ಅಷ್ಟೆ. ನೋವಿಲ್ಲ.
ಆದರೂ ಮಿದುಳಿನ ತಳದಲ್ಲಿ, ಸಾಸಿವೆಯಷ್ಟೂ ಇಲ್ಲದ ಜಾಗದಲ್ಲಿ
ತಳವಾರ ಎದ್ದ.
ಮೂಗಿನ ಕಳ್ಳನೆಂದು ನಾವು ಬೈಯುವ ಅದೇ ಹಿಸ್ಟಮಿನ್
ಇಲ್ಲಿ ಬಾಗಿಲು ಬಡಿಯುತ್ತದೆ;
ಹೈಪೋಥಲಾಮಸ್ ಪಿಟ್ಯುಟರಿಯ ಕಿವಿಯಲ್ಲಿ ಉಸುರುತ್ತದೆ,
ಪಿಟ್ಯುಟರಿ ರಕ್ತದ ಕೈಲಿ ಹೇಳಿ ಕಳಿಸುತ್ತದೆ,
ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಗ್ರಂಥಿ
ಕೇಳಿದ್ದೇ ತಡ, ಕಣಜ ತೆರೆಯುತ್ತದೆ.

ಹದಿನೆಂಟನೆಯದಕ್ಕೆ ಮೊದಲೇ ಮದ್ದು ಕೊಟ್ಟಿದೆ,
ಬಡಿತ ಕೇಳದಂತೆ ಕಿವಿಗೆ ಅರಳೆ ತುರುಕಿದ ಹಾಗೆ.
ಅದರ ರಕ್ತದಲ್ಲಿ ಅಂಕಿ ಇಳಿದಿದೆ.
ಸೊನ್ನೆಯಾಗಿಲ್ಲ. ಹಿತ್ತಿಲ ಬಾಗಿಲುಗಳೂ ಇವೆಯಲ್ಲ.
ಕೊಳವೆ ಮಾತ್ರ ಮೊದಲಿನಷ್ಟೇ ಬಿಗಿ.

ಮೂರು ಗಂಟೆಗೆ ತುವೊಮೊ ಬಂದ:
ಜೂನ್ ಕೊನೆಗೆ ಲ್ಯಾಬ್ ಮುಚ್ಚುತ್ತದಂತೆ.
"ಹೌದಾ" ಎಂದಳು ಔಲಿಕ್ಕಿ, ಟ್ರೇ ತೊಳೆದಳು.
ಎದೆ ಯಾಕೆ ಝಲ್ಲೆನ್ನಲಿಲ್ಲ?
ಅರ್ಧ ಮಾತ್ರೆಗೆ ಅಷ್ಟು ಬಲವಿಲ್ಲ, ಅವಳಿಗೆ ಗೊತ್ತು.
ಇಪ್ಪತ್ತೆರಡು ವರ್ಷ ಬರೆದ ಅಂಕಿಗಳಿಗೂ ಗೊತ್ತು.

ರಾತ್ರಿ ಎರಡಕ್ಕೆ ಯಾರೋ ಬಡಿದರು.
ಕಿಟಕಿಯಾಚೆ ಪೂರ್ತಿ ಕತ್ತಲಾಗದ ಆಕಾಶ.
ಎದ್ದು ಕೂತಳು, ಅಂಗೈಯೆಲ್ಲ ಬೆವರು.
"ಬಂದೆ, ಬಂದೆ" ಎಂದಳು,
ಚಪ್ಪಲಿ ಹುಡುಕುತ್ತ,
ಒಬ್ಬಳೇ ಇರುವ ಮನೆಯಲ್ಲಿ.